‘ಟೇಕ್ ಆನ್ ಮಿ’: ಹಾಡನ್ನು ಬಿಚ್ಚಿ ನೋಡಿ, ಮನೆಯಲ್ಲೇ ಮತ್ತೆ ಜೋಡಿಸುವುದು ಹೇಗೆ

ಕೀಬೋರ್ಡ್ ಕಲಿಯುತ್ತಿದ್ದೀರಾ? ಫೋನಿನಲ್ಲೇ ಟ್ರ್ಯಾಕ್ ಮೇಲೆ ಟ್ರ್ಯಾಕ್ ಹಾಕಿ ಹಾಡು ಮಾಡುವ ಹುಚ್ಚಾ? ಹಾಗಿದ್ದರೆ ಸ್ವಲ್ಪ ಬಿಡುವು ಮಾಡಿಕೊಂಡು ‘ಟೇಕ್ ಆನ್ ಮಿ’ ಹಾಡನ್ನು ಬಿಚ್ಚಿ ನೋಡಿ. ನಾರ್ವೆಯ ಆ-ಹಾ ತಂಡದ ಹಾಡು, ಗೆದ್ದಿದ್ದು 1985ರಲ್ಲಿ. ಹೆಸರು ಕೇಳಿ ತಲೆಗೆ ಹೊಳೆಯದಿದ್ದರೂ ಪರವಾಗಿಲ್ಲ. ಕೀಬೋರ್ಡಿನ ಆ ಮೊದಲ ಬಿಟ್ (ಮತ್ತೆ ಮತ್ತೆ ಬರುವ ಚಿಕ್ಕ ಟ್ಯೂನ್) ಬಂದರೆ ಸಾಕು, ‘ಓ, ಇದಾ!’ ಅನ್ನುತ್ತೀರಿ.

ಆ ಕಾಲದಲ್ಲಿ ಸಾವಿರ ಹಾಡುಗಳಿವೆ, ಇದೇ ಯಾಕೆ? ಯಾಕೆಂದರೆ ಇದು ಒಂದೇ ಏಟಿಗೆ ಗೆದ್ದ ಹಾಡಲ್ಲ. ಬ್ರಿಟನ್ನಿನಲ್ಲಿ ಎರಡು ಸಲ ಬಿಡುಗಡೆಯಾಗಿ ಎರಡು ಸಲವೂ ಮಕಾಡೆ ಮಲಗಿತು. ಮೂರನೇ ಸಲ ಎದ್ದು ಕೂತಿತು. ಟ್ಯೂನ್ ಅದೇ, ಹಾಡಿದವರೂ ಅವರೇ. ಒಂದು ಸಲ ರೆಕಾರ್ಡಿಂಗ್ ಬದಲಾಯಿತು, ಇನ್ನೊಂದು ಸಲ ವಿಡಿಯೋ ಬದಲಾಯಿತು, ಅಷ್ಟೇ. ನಮ್ಮ ಅದೃಷ್ಟಕ್ಕೆ ಸೋತ ರೆಕಾರ್ಡಿಂಗೂ ಗೆದ್ದ ರೆಕಾರ್ಡಿಂಗೂ ಎರಡೂ ಇವತ್ತು ಕೇಳಲು ಸಿಗುತ್ತವೆ. ಹಾಡಿನಲ್ಲಿ ಹೂರಣ ಯಾವುದು, ಕಣಕ ಯಾವುದು ಎಂದು ಪಕ್ಕಪಕ್ಕ ಇಟ್ಟು ನೋಡುವ ಇಂಥ ಅವಕಾಶ ಬೇರೆ ಹಾಡುಗಳಲ್ಲಿ ಅಷ್ಟು ಸುಲಭವಾಗಿ ಸಿಗಲ್ಲ.

ಬೇಕಾಗಿರುವುದು ಇಷ್ಟೇ. ಒಂದು ಕೀಬೋರ್ಡ್, ಇಲ್ಲದಿದ್ದರೆ ಫೋನಿನ ಪಿಯಾನೋ ಆ್ಯಪ್. ಟಿಕ್ ಟಿಕ್ ಎಂದು ವೇಗ ಹಿಡಿದುಕೊಡುವ ಒಂದು ಮೆಟ್ರೋನೋಮ್, ಅದೂ ಆ್ಯಪ್ ಆದರೆ ಸಾಕು. ಒಂದು ಇಯರ್‌ಫೋನ್, ಎರಡೂ ಕಿವಿ ಕೆಲಸ ಮಾಡುವಂಥದ್ದು. ಫೋನಿನ ಸ್ಪೀಕರ್‌ನಲ್ಲಿ ಕೇಳಿದರೆ ಬೇಸ್ ಸರಿಯಾಗಿ ಕೇಳಲ್ಲ, ಮತ್ತೆ ಈ ಹಾಡಿನ ಅರ್ಧ ಗುಟ್ಟು ಇರುವುದೇ ಬೇಸ್‌ನಲ್ಲಿ.

ಮೊದಲು ಕೇಳುವ ಕೆಲಸ

ಗೆದ್ದ ಆವೃತ್ತಿಯನ್ನು ಮೊದಲು ಕೇಳಬೇಡಿ. 1984ರದ್ದನ್ನು ಹುಡುಕಿ. ಅದಕ್ಕೂ ಮುಂಚೆ ಈ ಬಿಟ್ ಎಲ್ಲಿಂದ ಬಂತು ಅನ್ನುವುದನ್ನು ಸ್ವಲ್ಪ ತಿಳಿದುಕೊಂಡರೆ ಒಳ್ಳೆಯದು.

ಬಿಟ್ ಹುಟ್ಟಿಸಿದವರು ಮಾಗ್ನೆ ಫುರುಹೋಲ್ಮೆನ್, ತಂಡದ ಕೀಬೋರ್ಡ್ ವಾದಕ. ಆಗ ಅವರಿಗೆ ಹದಿಹರೆಯ. ಅವರೂ ಗಿಟಾರಿನ ಪೋಲ್ ವಾಕ್ತಾರ್ ಅವರೂ ಓಸ್ಲೋದಲ್ಲಿ ‘ಬ್ರಿಜಸ್’ ಎಂಬ ತಂಡದಲ್ಲಿದ್ದರು. ಅವರದ್ದು ಸ್ವಲ್ಪ ಗಂಭೀರ ಸಂಗೀತ, ಈ ಬಿಟ್ ಮಾತ್ರ ಚೂಯಿಂಗ್ ಗಮ್ ಜಾಹೀರಾತಿನ ಹಾಗೆ ಇದೆ ಎಂದು ಅವರಿಗೇ ಅನಿಸಿತ್ತು. ಆಗ ಹಾಡಿನ ಹೆಸರು ‘ಮಿಸ್ ಈರಿ’. ಆಮೇಲೆ ‘ಲೆಸನ್ ಒನ್’ ಆಯಿತು. ಗಾಯಕ ಮಾರ್ಟನ್ ಹಾರ್ಕೆಟ್ ಬಂದು ಸೇರಿದ ಮೇಲೆ ಆ ಬಿಟ್ ಅವರಿಗೆ ತುಂಬಾ ಹಿಡಿಸಿತು, ಹಾಗಾಗಿ ಉಳಿಯಿತು. ಜಾಹೀರಾತಿನ ಹಾಗೆ ಇದೆ ಎಂದು ಎಸೆದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಮೂವರೂ ಲಂಡನ್‌ಗೆ ಹೋದರು. ಕೈಯಲ್ಲಿ ದುಡ್ಡಿಲ್ಲ. ಡೆಮೊ ಮಾಡಲು ಜಾನ್ ರ‍್ಯಾಟ್‌ಕ್ಲಿಫ್ ಅವರ ಸ್ಟುಡಿಯೋ ಆರಿಸಿಕೊಂಡರು, ಕಾರಣ ಅಲ್ಲಿ ‘ಸ್ಪೇಸ್ ಇನ್ವೇಡರ್ಸ್’ ಆಟದ ಮೆಷಿನ್ ಇತ್ತು! ಅಲ್ಲಿಂದ ಮ್ಯಾನೇಜರ್ ಆಗಿ ಟೆರ್ರಿ ಸ್ಲೇಟರ್ ಸಿಕ್ಕರು, ವಾರ್ನರ್ ಬ್ರದರ್ಸ್ ಕಂಪನಿಯ ಒಪ್ಪಂದ ಸಿಕ್ಕಿತು, ಟೋನಿ ಮ್ಯಾನ್ಸ್‌ಫೀಲ್ಡ್ ಎಂಬ ನಿರ್ಮಾಪಕರ ಕೈಯಲ್ಲಿ ಹಾಡು ರೆಕಾರ್ಡ್ ಆಯಿತು. ಅವರ ಮುಖ್ಯ ಸಾಧನ ಫೇರ್‌ಲೈಟ್, ಆ ಕಾಲಕ್ಕೆ ಕಣ್ಣು ಕುಕ್ಕುವಷ್ಟು ದುಬಾರಿಯಾಗಿದ್ದ ಕಂಪ್ಯೂಟರ್ ವಾದ್ಯ. 1984ರಲ್ಲಿ ಹಾಡು ಹೊರಬಂತು. ನಾರ್ವೆಯಲ್ಲಿ 3ನೇ ಸ್ಥಾನಕ್ಕೆ ಹೋಯಿತು. ಬ್ರಿಟನ್‌ನಲ್ಲಿ ಯಾರೂ ಕ್ಯಾರೇ ಅನ್ನಲಿಲ್ಲ.

ಈಗ ಆ 1984ರದ್ದನ್ನು ಹಾಕಿಕೊಂಡು ಎರಡು ಸಲ ಕೇಳಿ. ಕೆಟ್ಟದಾಗೇನೂ ಇಲ್ಲ. ಬಿಟ್ ಇದೆ, ಪಲ್ಲವಿ ಇದೆ, ದನಿ ಇದೆ. ಆದರೆ ಎಲ್ಲ ಒಂದೇ ಮಟ್ಟದಲ್ಲಿ ಹೋಗುತ್ತದೆ. ಡ್ರಮ್ಸ್ ಒಣ ಒಣ. ಹಾಡು ಮೇಲೇರುವಾಗ ಅದರ ಕೆಳಗಿನ ನೆಲ ಏರುವುದಿಲ್ಲ. ನಿಮಗೆ ಏನೇನು ಕಡಿಮೆ ಅನಿಸಿತೋ ಒಂದು ಚೀಟಿಯಲ್ಲಿ ಬರೆದಿಡಿ. ತಲೆಯಲ್ಲಿ ಇಟ್ಟುಕೊಂಡರೆ ಆಗಲ್ಲ, ಇನ್ನೊಂದನ್ನು ಕೇಳಿದ ಕೂಡಲೇ ಮರೆತುಹೋಗುತ್ತದೆ.

ಆಮೇಲೆ 1985ರದ್ದು. ಅಲನ್ ಟಾರ್ನಿ ಅವರ ಕೈಯಲ್ಲಿ ಹೊಸದಾಗಿ ರೆಕಾರ್ಡ್ ಮಾಡಿದ್ದು. ಟಾರ್ನಿ ಅದಕ್ಕೂ ಮುಂಚೆ ಬ್ರಿಟಿಷ್ ಗಾಯಕ ಕ್ಲಿಫ್ ರಿಚರ್ಡ್ ಅವರಿಗೆ ಹಿಟ್ ಹಾಡು ಬರೆದುಕೊಟ್ಟವರು, ಪಾಪ್ ಹಾಡು ಎಲ್ಲಿ ಉಸಿರಾಡಬೇಕು ಎಂದು ಗೊತ್ತಿದ್ದವರು. ಚೀಟಿ ಮುಂದೆ ಇಟ್ಟುಕೊಂಡು ಕೇಳಿ. ಮೊದಲು ಡ್ರಮ್ಸ್ ಗಮನಿಸಿ. ಕಿಕ್ಕೂ (ಕಾಲಿನಲ್ಲಿ ಬಾರಿಸುವ ದೊಡ್ಡ ಡ್ರಮ್) ಸ್ನೇರೂ (ಚಟ್ ಅನ್ನುವ ಚಿಕ್ಕ ಡ್ರಮ್) ಲಿನ್‌ಡ್ರಮ್ ಎಂಬ ಮೆಷಿನ್ನಿನದು, ಆದರೆ ಮೇಲಿನ ಹೈಹ್ಯಾಟೂ ಸಿಂಬಲ್ಲೂ (ತಟ್ಟೆಯಂಥ ಲೋಹದ ತಾಳಗಳು) ಮನುಷ್ಯರೇ ಬಾರಿಸಿದ್ದು. ಬರೀ ಮೆಷಿನ್ ಆಗಿದ್ದರೆ ಕೊರೆಯುತ್ತಿತ್ತು, ಬರೀ ಮನುಷ್ಯ ಆಗಿದ್ದರೆ ಆ ವೇಗದಲ್ಲಿ ಅಷ್ಟು ಬಿಗಿ ಬರುತ್ತಿರಲಿಲ್ಲ. ಆಮೇಲೆ ಹಿಂದೆ ಎಲ್ಲೋ ಗಿಟಾರ್ ಉಜ್ಜುವ ಸದ್ದು ಕೇಳಿಸುತ್ತಾ ನೋಡಿ, ಕರೆಂಟಿನದಲ್ಲ, ಸಾದಾ ಮರದ ಗಿಟಾರ್. ಸಿಂಥಸೈಜರ್ ಹಾಡು ಎಂದುಕೊಂಡವರಿಗೆ ಅದು ಇದೆ ಅಂತಲೇ ಗೊತ್ತಿರಲ್ಲ. ತೆಗೆದುಬಿಟ್ಟರೆ ಮಾತ್ರ ಗೊತ್ತಾಗುತ್ತದೆ.

ತಾಳ ಹಾಕಿ ಬಿಟ್ ಹಿಡಿಯಿರಿ

ಈಗ ಕೈಗೆ ಕೆಲಸ. ವೇಗ ತೋರಿಸುವ ಆ್ಯಪ್‌ಗೆ ಹಾಡು ಕೇಳಿಸಿದರೆ ಒಮ್ಮೆ ನಿಮಿಷಕ್ಕೆ 169 ಪೆಟ್ಟು ಅನ್ನುತ್ತದೆ, ಒಮ್ಮೆ 84 ಅಥವಾ 85 ಅನ್ನುತ್ತದೆ. ಎರಡೂ ಸರಿ. ಒಂದು ಇನ್ನೊಂದರ ಅರ್ಧ. ಪಾಶ್ಚಾತ್ಯ ಸಂಗೀತದವರು 169 ಹಿಡಿಯುತ್ತಾರೆ. ನೀವು ಸ್ವಲ್ಪವಾದರೂ ಕರ್ನಾಟಕ ಸಂಗೀತ ಕಲಿತವರಾಗಿದ್ದರೆ ಅರ್ಧದ್ದನ್ನೇ ಹಿಡಿಯಿರಿ, ತೊಡೆ ಮೇಲೆ ಆದಿತಾಳ ಹಾಕಿ. ಆಗ ಒಂದು ಮಜಾ ಸಿಗುತ್ತದೆ: ಇಡೀ ಬಿಟ್ ಸರಿಯಾಗಿ ಒಂದು ಆವರ್ತನಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, ಕೂರುತ್ತದೆ. 8 ಅಕ್ಷರ, ಅಕ್ಷರಕ್ಕೆ 4 ಮಾತ್ರೆ, ಒಟ್ಟು 32. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ನಾಲ್ಕು ನಾಲ್ಕಾಗಿ ಎಣಿಸುತ್ತಾ ಕೇಳಿ. ಮೊದಲನೇ ಅಕ್ಷರದಲ್ಲಿ ನಾಲ್ಕೂ ಮಾತ್ರೆಗೆ ಸ್ವರ ಇದೆ: ದ ದ ಮ ರಿ. ಎರಡನೇ ಅಕ್ಷರಕ್ಕೆ ಬೆರಳು ಬಿದ್ದಾಗ? ಸ್ವರ ಇಲ್ಲ. ಖಾಲಿ. ಸ್ವರ ಅದರ ಪಕ್ಕದಲ್ಲಿ ಬೀಳುತ್ತದೆ. ಮೂರನೆಯದೂ ಹಾಗೇ. ನಾಲ್ಕು ಮತ್ತು ಐದು ಮತ್ತೆ ಭರ್ತಿ. ಆರು, ಏಳರಲ್ಲಿ ಮತ್ತೆ ತಾಳದ ಪೆಟ್ಟಿಗೆ ಸ್ವರ ಸಿಗಲ್ಲ, ಎಂಟರಲ್ಲಿ ಪೂರ್ತಿ ಭರ್ತಿಯಾಗಿ ಮತ್ತೆ ಸಮಕ್ಕೆ ಬರುತ್ತದೆ. ಅಂದರೆ ಭರ್ತಿ, ಖಾಲಿ, ಖಾಲಿ, ಭರ್ತಿ, ಭರ್ತಿ, ಖಾಲಿ, ಖಾಲಿ, ಭರ್ತಿ. ಕಾಲು ತಾನಾಗಿ ಅಲ್ಲಾಡುವುದು ಇದರಿಂದಲೇ. ಸ್ವರ ಬಿಟ್ಟುಹೋದ ಪೆಟ್ಟನ್ನು ನಿಮ್ಮ ಮೈಯೇ ತುಂಬಿಕೊಡುತ್ತದೆ. ಸುಮ್ನೆ ಚುರುಕಾದ ಟ್ಯೂನ್ ಎಂದು ಬಿಟ್ಟುಬಿಟ್ಟರೆ ಇದು ಕಣ್ಣಿಗೆ ಬೀಳಲ್ಲ.

ಶ್ರುತಿ ಆರು ಮನೆ, ಅಂದರೆ ‘ಎ’. ಹಾರ್ಮೋನಿಯಂನವರ ಬಿಳಿ ಆರು. ಮೇಜರ್ ಸ್ಕೇಲ್, ನಮ್ಮ ಲೆಕ್ಕದಲ್ಲಿ ಧೀರಶಂಕರಾಭರಣದ ಸ್ವರಗಳು. ಹಾಗಂತ ರಾಗ ಹುಡುಕಲು ಹೋಗಬೇಡಿ, ಗಮಕವೂ ಬೇಡ, ಸ್ವರ ಹಿಡಿಯುವ ಅನುಕೂಲಕ್ಕೆ ಮಾತ್ರ. ಮೊದಲ ನಾಲ್ಕು ಸ್ವರ ಮೇಲೆ ಕೊಟ್ಟಿದ್ದೇನೆ. ಮಿಕ್ಕಿದ್ದನ್ನು ಕಿವಿಯಿಂದಲೇ ಹಿಡಿಯಿರಿ, ಕಷ್ಟ ಏನಿಲ್ಲ. ಒಂದು ಸುಳಿವು: ಇಡೀ ಬಿಟ್‌ನಲ್ಲಿ ಗಾಂಧಾರ ಒಂದು ಸಲವೂ ಬರಲ್ಲ. ಮೇಜರ್ ಸ್ಕೇಲಿನ ಸಿಹಿ ಇರುವುದೇ ಗಾಂಧಾರದಲ್ಲಿ, ಅದನ್ನೇ ಬಿಟ್ಟಿದ್ದಾರೆ. ಅದಕ್ಕೇ ಬಿಟ್ ಎಷ್ಟು ಕುಣಿದರೂ ಅತಿ ಸಿಹಿ ಅನಿಸುವುದಿಲ್ಲ ಎನ್ನುವುದು ನನ್ನ ಲೆಕ್ಕ. ನಿಮ್ಮ ಬೆರಳು ಗಾಂಧಾರದ ಮೇಲೆ ಬಿದ್ದರೆ ತಪ್ಪು ನುಡಿಸುತ್ತಿದ್ದೀರಿ ಎಂದೇ ತಿಳಿಯಿರಿ.

ಮೆಟ್ರೋನೋಮ್ 50ಕ್ಕೆ ಇಟ್ಟು ಶುರು ಮಾಡಿ. ಎಡಗೈಯಲ್ಲಿ ತಾಳ, ಬಲಗೈಯಲ್ಲಿ ಬಿಟ್. ಖಾಲಿ ಪೆಟ್ಟು ಬಂದಾಗ ಬೆರಳು ತಾನಾಗಿ ಒತ್ತಲು ಹೋಗುತ್ತದೆ, ತಡೆಯಿರಿ. ಐದೈದು ಏರಿಸುತ್ತಾ 85ಕ್ಕೆ ತನ್ನಿ. 70 ದಾಟಿದ ಮೇಲೆ ಮಣಿಕಟ್ಟು ಬಿಗಿಯಾದರೆ ನಿಲ್ಲಿಸಿ ಕೈ ಒದರಿಕೊಳ್ಳಿ. ಬಿಗಿ ಕೈಯಲ್ಲಿ ನುಡಿಸಿದರೆ ಸ್ವರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಈ ಬಿಟ್‌ಗೆ ಪ್ರತಿ ಸ್ವರವೂ ಚಿಕ್ಕದಾಗಿ, ಕತ್ತರಿಸಿದ ಹಾಗೆ ಬರಬೇಕು.

ಕಾರ್ಡ್‌ಗಳಲ್ಲಿ ಮನೆ ಎಲ್ಲಿದೆ?

ಎಡಗೈಗೆ ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಮೂರು ಸ್ವರ, ಕೊಡೋಣ. ಬಿಟ್‌ನ ಕೆಳಗೆ ಹೋಗುವುದು ಬಿ ಮೈನರ್, ಇ, ಎ, ಡಿ. ಎರಡೆರಡು ಅಕ್ಷರಕ್ಕೆ ಒಂದೊಂದು. ಚರಣ ಶುರುವಾಗುವುದೂ ಬಿ ಮೈನರ್‌ನಿಂದಲೇ.

ಇಲ್ಲಿ ಒಂದು ನಿಮಿಷ ನಿಲ್ಲಿ. ಹಾಡಿನ ಮನೆ, ಅಂದರೆ ಷಡ್ಜದ ಕಾರ್ಡ್, ‘ಎ’. ಆದರೆ ಬಿಟ್ ಆಗಲಿ ಚರಣವಾಗಲಿ ಮನೆಯಿಂದ ಹೊರಡುವುದೇ ಇಲ್ಲ. ಪ್ರತಿ ಸಲವೂ ರಿಷಭದ ಮೇಲಿನ ಮೈನರ್ ಕಾರ್ಡಿನಿಂದ ಹೊರಟು, ಮನೆಯನ್ನು ಹಾದುಹೋಗಿ, ಡಿ ಹತ್ತಿರ ನಿಲ್ಲುತ್ತದೆ. ನಿಲ್ಲುತ್ತದೆ ಅನ್ನುವುದಕ್ಕಿಂತ ಕಾಯುತ್ತದೆ ಅನ್ನಬೇಕು. ಹೀಗೆ ಕಾಯಿಸಿ ಕಾಯಿಸಿ, ಪಲ್ಲವಿಯ ಮೊದಲ ಪೆಟ್ಟಿಗೆ ಸರಿಯಾಗಿ ‘ಎ’ ಕಾರ್ಡ್ ಕೊಡುತ್ತಾರೆ. ಆ ಪೆಟ್ಟಿಗೇ ಗಾಯಕನ ದನಿಯೂ ಹಾಡಿನ ಅತಿ ಕೆಳಗಿನ ಷಡ್ಜಕ್ಕೆ ಇಳಿದು ಕೂರುತ್ತದೆ. ಬೇಕಾದರೆ ಪರೀಕ್ಷೆ ಮಾಡಿ: ಚರಣವನ್ನು ‘ಎ’ಯಿಂದಲೇ ಶುರು ಮಾಡಿ ಒಂದು ಸಲ ನುಡಿಸಿ. ಪಲ್ಲವಿ ಬಂದಾಗ ಏನೂ ಆಗಿಲ್ಲ ಅನಿಸುತ್ತದೆ.

ಪಲ್ಲವಿಯ ಕಾರ್ಡ್‌ಗಳು ಎ, ಇ, ಎಫ್ ಶಾರ್ಪ್ ಮೈನರ್, ಡಿ. ಪುಸ್ತಕದಲ್ಲಿ ಹೀಗೆ ನೋಡಿದರೆ ನೂರಾರು ಹಾಡುಗಳಲ್ಲಿ ಇರುವಂಥದ್ದೇ. ಇಯರ್‌ಫೋನ್ ಹಾಕಿಕೊಂಡು ಬೇಸ್ ಕೇಳಿ. ಎರಡನೇ ಕಾರ್ಡಿನಲ್ಲಿ ಬೇಸ್ ಪಂಚಮಕ್ಕೆ ಹಾರುವುದಿಲ್ಲ, ಪಕ್ಕದ ನಿಷಾದಕ್ಕೆ ಇಳಿಯುತ್ತದೆ. ಆಮೇಲೆ ಧೈವತ. ಆಮೇಲೆ ಮಧ್ಯಮ. ಸಾ, ನಿ, ದ, ಮ ಎಂದು ಬೇಸ್ ಮೆಟ್ಟಿಲು ಇಳಿಯುತ್ತಿರುತ್ತದೆ, ಅದೇ ಹೊತ್ತಿಗೆ ದನಿ ಮೇಲೆ ಮೇಲೆ ಹತ್ತುತ್ತಿರುತ್ತದೆ. ಎರಡರ ನಡುವೆ ಜಾಗ ಅಗಲವಾಗುತ್ತಾ ಹೋಗುತ್ತದೆ. ಪಲ್ಲವಿ ಅಷ್ಟು ದೊಡ್ಡದಾಗಿ ಕೇಳಿಸುವುದು ಬರೀ ದನಿಯ ಎತ್ತರದಿಂದ ಅಲ್ಲ, ಕೆಳಗಿನದು ಇಳಿಯುವುದರಿಂದಲೂ ಹೌದು. ಕೀಬೋರ್ಡಿನಲ್ಲಿ ಆಟೋ ಕಾರ್ಡ್ ಹಾಕಿಕೊಂಡು ನುಡಿಸಿದರೆ ಇದು ಸತ್ತೇ ಹೋಗುತ್ತದೆ, ಅದು ಎರಡನೇ ಕಾರ್ಡಿಗೆ ಸುಮ್ನೆ ‘ಇ’ ಬೇಸ್ ಕೊಟ್ಟುಬಿಡುತ್ತದೆ. ಆಟೋ ಆಫ್ ಮಾಡಿ, ಎಡಗೈಯಲ್ಲಿ ಬೇಸ್ ನೀವೇ ಒತ್ತಿ.

ಎರಡನೇ ಪಲ್ಲವಿ ಆದಮೇಲೆ ಹಾಡಿಲ್ಲದ ಒಂದು ತುಣುಕು ಬರುತ್ತದೆ. ಅಲ್ಲಿ ಸಿ ಶಾರ್ಪ್ ಮೈನರ್ ಮತ್ತು ಜಿ ಮೇಜರ್ ನಡುವೆ ಓಡಾಟ. ಈ ಜಿ ನಮ್ಮ ಸ್ಕೇಲಿನದ್ದೇ ಅಲ್ಲ, ಅನ್ಯಸ್ವರ. ಹಾಗಾಗಿ ಅಲ್ಲಿ ಇದ್ದಕ್ಕಿದ್ದಂತೆ ಬೆಳಕು ಬದಲಾದ ಹಾಗೆ ಅನಿಸುತ್ತದೆ. ಆಮೇಲೆ ಬಿ ಮೈನರ್, ಇ ಹಿಡಿದು ವಾಪಸ್. ಮನೆಯಲ್ಲಿ ನುಡಿಸುವವರು ಈ ತುಣುಕನ್ನು ಹಾರಿಸಿಬಿಡುತ್ತಾರೆ. ಹಾರಿಸಬೇಡಿ, ಇದಿಲ್ಲದೆ ಮೂರನೇ ಚರಣ ಬರೀ ಪುನರಾವರ್ತನೆ ಆಗುತ್ತದೆ.

ಸೌಂಡ್ ಆರಿಸುವುದು

ಗೆದ್ದ ಆವೃತ್ತಿಯಲ್ಲಿ ಬಿಟ್ ನುಡಿಸಿದ್ದು ರೋಲ್ಯಾಂಡ್ ಜೂನೊ-60 ಮೇಲೆ. ಜೊತೆಗೆ ಯಮಾಹಾ ಡಿಎಕ್ಸ್7, ಪಿಪಿಜಿ ವೇವ್ ಕೂಡ ಹಾಡಿನಲ್ಲಿವೆ. ಜೂನೊ ಬೆಚ್ಚಗಿನ, ಸ್ವಲ್ಪ ಹರಡಿಕೊಂಡ ಸದ್ದು, ಅದರೊಳಗೇ ಇರುವ ಕೋರಸ್ ಎಫೆಕ್ಟ್‌ನ ಮಹಿಮೆ. ಡಿಎಕ್ಸ್7 ಅದಕ್ಕೆ ಉಲ್ಟಾ, ಗಾಜಿಗೆ ಚಮಚ ತಗುಲಿದ ಹಾಗೆ ಚುರುಕು. ನಿಮ್ಮ ಕೀಬೋರ್ಡಿನಲ್ಲಿ ಡ್ಯುಯಲ್ ಅಥವಾ ಲೇಯರ್ ಬಟನ್ ಇದ್ದರೆ ಒತ್ತಿ, ಒಂದಕ್ಕೆ ಸಿಂಥ್ ಬ್ರಾಸ್ ಅಥವಾ ಸಾ (Saw) ಎಂದು ಹೆಸರಿರುವ ಟೋನ್ ಹಾಕಿ, ಇನ್ನೊಂದಕ್ಕೆ ಎಲೆಕ್ಟ್ರಿಕ್ ಪಿಯಾನೋ ಅಥವಾ ಬೆಲ್ ತರಹದ್ದು. ಎರಡನೆಯದರ ವಾಲ್ಯೂಮ್ ತುಂಬಾ ಕಡಿಮೆ ಇರಲಿ. ಅದು ಬೇರೆಯಾಗಿ ಕೇಳಿಸಬಾರದು, ಮೊದಲನೆಯದರ ಅಂಚು ಚೂಪಾದರೆ ಸಾಕು.

ರಿವರ್ಬ್ (ಸದ್ದು ಮೊಳಗುವ ಎಫೆಕ್ಟ್) ಜಾಸ್ತಿ ಸುರಿಯಬೇಡಿ. ಎಂಬತ್ತರ ದಶಕ ಅಂದರೆ ಗುಹೆಯೊಳಗೆ ಹಾಡಿದ ಹಾಗೆ ಇರಬೇಕು ಎಂಬ ನಂಬಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ. ಈ ವೇಗದಲ್ಲಿ ರಿವರ್ಬ್ ಸುರಿದರೆ ಆ ಖಾಲಿ ಪೆಟ್ಟುಗಳೆಲ್ಲ ತುಂಬಿಹೋಗಿ ಬಿಟ್ ಕಲಸಿದ ಅನ್ನ ಆಗುತ್ತದೆ.

ಡ್ರಮ್ಸ್‌ಗೆ ಆ್ಯಪ್‌ನಲ್ಲಿ ಹಳೆಯ ಡ್ರಮ್ ಮೆಷಿನ್ ಕಿಟ್ ಯಾವುದಾದರೂ ಸಿಕ್ಕೇ ಸಿಗುತ್ತದೆ. 169ರ ಲೆಕ್ಕದಲ್ಲಿ ಕಿಕ್, ಸ್ನೇರ್, ಕಿಕ್, ಸ್ನೇರ್. ಮೇಲಿನ ಹೈಹ್ಯಾಟನ್ನು ಮಾತ್ರ ಕ್ವಾಂಟೈಜ್ ಮಾಡದೆ (ಆ್ಯಪ್ ತಾಳಕ್ಕೆ ಸರಿಪಡಿಸಲು ಬಿಡದೆ) ಬೆರಳಿನಲ್ಲೇ ಬಡಿದು ರೆಕಾರ್ಡ್ ಮಾಡಿ. ಸ್ವಲ್ಪ ಆಚೀಚೆ ಆದರೂ ಇರಲಿ ಬಿಡಿ. ಟಾರ್ನಿ ಮಾಡಿದ್ದೂ ಅದೇ ತರಹದ ಜೋಡಣೆ. ಗಿಟಾರ್ ಹಿಡಿಯುವ ಗೆಳೆಯರು ಯಾರಾದರೂ ಇದ್ದರೆ ಕರೆಸಿ, ಇಡೀ ಹಾಡಿಗೆ ಸಣ್ಣಗೆ ಸ್ಟ್ರಮ್ ಮಾಡಿಸಿ, ಮಿಕ್ಸ್‌ನಲ್ಲಿ ಅವರಿಗೇ ಬೇಜಾರಾಗುವಷ್ಟು ಕಡಿಮೆ ಇಡಿ.

ಹಾಡುವವರಿಗೆ

ಇಲ್ಲಿ ಎಲ್ಲರೂ ಬೀಳುತ್ತಾರೆ. ಕ್ಯಾರಿಯೋಕೆಯಲ್ಲಿ ಧೈರ್ಯ ಮಾಡಿ ಈ ಹಾಡು ಆರಿಸಿದವರ ಮುಖ ಪಲ್ಲವಿಯ ಕೊನೆಯ ಸಾಲಿಗೆ ಹೇಗಾಗುತ್ತದೆ ಎಂದು ನೋಡಿದವರಿಗೆ ಗೊತ್ತು.

ಪಲ್ಲವಿಯ ಮೊದಲ ಸ್ವರ ಮಂದ್ರ ಷಡ್ಜ. ಕೊನೆಯದು ತಾರ ಪಂಚಮ. ಎರಡೂವರೆ ಸ್ಥಾಯಿಗಿಂತ ಸ್ವಲ್ಪ ಜಾಸ್ತಿಯೇ, ಅದೂ ಒಂದೇ ಪಲ್ಲವಿಯೊಳಗೆ. ಹಾರ್ಕೆಟ್ ಮೇಲಿನ ಸ್ವರವನ್ನು ಎದೆಯಿಂದ ಕೂಗಿ ತೆಗೆಯುವುದಿಲ್ಲ, ಫಾಲ್ಸೆಟ್ಟೊಗೆ ಜಾರುತ್ತಾರೆ, ಅಂದರೆ ಗಂಡಸರ ಆ ತೆಳುವಾದ ಮೇಲಿನ ದನಿ. ಗೆಲ್ಲುವುದು ಆ ಜಾರುವಿಕೆಯಲ್ಲಿ. ಎಲ್ಲಿ ಎದೆ ದನಿ ಮುಗಿಯಿತು, ಎಲ್ಲಿ ತೆಳು ದನಿ ಶುರುವಾಯಿತು ಎಂದು ಗೊತ್ತಾಗಬಾರದು.

‘ಶ್ರುತಿ ಇಳಿಸಿದರೆ ಆಯ್ತಲ್ವಾ?’ ಆಗಲ್ಲ. ಮೇಲಿನದು ಸಿಗಲಿ ಎಂದು ನಾಲ್ಕು ಕಟ್ಟೆ (ಕೀಬೋರ್ಡಿನ ಮನೆ) ಇಳಿಸಿದರೆ ಕೆಳಗಿನ ಸ್ವರ ನೆಲಮಾಳಿಗೆಗೆ ಹೋಗಿ ಬರೀ ಗಾಳಿ ಬರುತ್ತದೆ. ಎರಡು ದಾರಿ ಇವೆ. ಒಂದು, ಶ್ರುತಿ ಎರಡು ಕಟ್ಟೆಯಷ್ಟೇ ಇಳಿಸಿ, ಪಲ್ಲವಿಯ ಮೊದಲ ಸ್ವರವನ್ನು ಕೆಳಗಿನ ಸ್ಥಾಯಿಯ ಬದಲು ಮಧ್ಯ ಸ್ಥಾಯಿಯಲ್ಲೇ ಹಿಡಿಯಿರಿ. ಇಳಿದು ಕೂರುವ ಮಜಾ ಸ್ವಲ್ಪ ಹೋಗುತ್ತದೆ, ಆದರೆ ಹಾಡು ಉಳಿಯುತ್ತದೆ. ಇನ್ನೊಂದು, ಇಬ್ಬರು ಹಾಡಿ. ಗಂಡು ದನಿ ಕೆಳಗಿನಿಂದ ಶುರು ಮಾಡಲಿ, ಮೇಲಿನ ಕೊನೆಯ ಸಾಲನ್ನು ಹೆಣ್ಣು ದನಿ ಎತ್ತಿಕೊಳ್ಳಲಿ. ಆ ತಾರ ಪಂಚಮ ಹೆಚ್ಚಿನ ಹೆಂಗಸರಿಗೆ ಅಷ್ಟೇನೂ ಭಯಪಡುವ ಸ್ವರವಲ್ಲ. ನನಗೆ ಕೇಳಿದರೆ ಎರಡನೆಯದೇ ಚೆನ್ನ.

ಅಭ್ಯಾಸಕ್ಕೆ ಮಾತು ಬಿಟ್ಟು ‘ಊ’ಕಾರದಲ್ಲಿ ಹಾಡಿ. ಸಣ್ಣಗೆ, ಪಕ್ಕದ ಕೋಣೆಗೆ ಕೇಳಿಸದ ಹಾಗೆ. ಮೇಲಿನ ಸ್ವರ ಸಣ್ಣ ದನಿಯಲ್ಲಿ ಸಿಗುವವರೆಗೆ ಜೋರಾಗಿ ಪ್ರಯತ್ನಿಸಲೇಬೇಡಿ. ಗಂಟಲು ಕೆರೆಯಲು ಶುರುವಾದರೆ ಆ ದಿನಕ್ಕೆ ಸಾಕು, ಬಿಸಿನೀರು ಕುಡಿದು ಬಿಟ್ನ ಅಭ್ಯಾಸಕ್ಕೆ ಹೋಗಿ.

ವಿಡಿಯೋ ಯಾಕೆ ಬಿಡುವ ಹಾಗಿಲ್ಲ

ಹೊಸ ರೆಕಾರ್ಡಿಂಗ್ ಇಷ್ಟು ಚೆನ್ನಾಗಿ ಬಂದರೂ 1985ರಲ್ಲಿ ಬ್ರಿಟನ್‌ನಲ್ಲಿ ಬಿಟ್ಟಾಗ ಅದೂ ಸೋತಿತು! ಇದನ್ನು ಮರೆಯಬಾರದು. ಒಳ್ಳೆಯ ಮಿಕ್ಸ್ ಒಂದೇ ಹಾಡನ್ನು ಜನರ ಕಿವಿವರೆಗೆ ಹೊತ್ತುಕೊಂಡು ಹೋಗಲ್ಲ. ಆಮೇಲೆ ಬಂದದ್ದು ಸ್ಟೀವ್ ಬ್ಯಾರನ್ ನಿರ್ದೇಶಿಸಿದ ವಿಡಿಯೋ. ಮೈಕೆಲ್ ಪ್ಯಾಟರ್ಸನ್ ಮತ್ತು ಕ್ಯಾಂಡೇಸ್ ರೆಕಿಂಜರ್ ಎಂಬ ಇಬ್ಬರು ಕಲಾವಿದರು ಚಿತ್ರೀಕರಿಸಿದ ದೃಶ್ಯಗಳ ಮೇಲೆ ಒಂದೊಂದೇ ಫ್ರೇಮ್ ಇಟ್ಟು ಪೆನ್ಸಿಲ್‌ನಲ್ಲಿ ಬಿಡಿಸಿದರು. ಸುಮಾರು 3,000 ಫ್ರೇಮ್, 16 ವಾರದ ಕೆಲಸ. ಹಳೆಯ ವಿಡಿಯೋದಲ್ಲಿ ನೀಲಿ ಹಿನ್ನೆಲೆ ಮುಂದೆ ತಂಡ ನಿಂತು ಹಾಡುತ್ತದೆ, ಎರಡನ್ನೂ ಪಕ್ಕಪಕ್ಕ ನೋಡಿದರೆ ನಗು ಬರುತ್ತದೆ.

ಹೊಸದರಲ್ಲಿ ಆ ಕೈ ಬರುವ ಜಾಗವನ್ನು ನಿಧಾನ ಮಾಡಿ ನೋಡಿ. ಹುಡುಗಿ ಹೋಟೆಲ್‌ನಲ್ಲಿ ಕೂತು ಕಾಮಿಕ್ಸ್ ಓದುತ್ತಿರುತ್ತಾಳೆ. ಪುಟದೊಳಗಿಂದ ಪೆನ್ಸಿಲ್ ಗೆರೆಗಳ ಕೈ ಮೇಲೆದ್ದು ಬರುತ್ತದೆ. ಗೆರೆಗಳು ಒಂದು ಕ್ಷಣವೂ ಸುಮ್ಮನಿರಲ್ಲ, ಕುದಿಯುವ ಹಾಗೆ ಅಲುಗುತ್ತಿರುತ್ತವೆ, ಯಾಕೆಂದರೆ ಪ್ರತಿ ಫ್ರೇಮ್ ಬೇರೆಯಾಗಿ ಬಿಡಿಸಿದ್ದು. ಆ ಅಲುಗಾಟ ಹಾಡಿನ ಚಡಪಡಿಕೆಗೆ ಎಷ್ಟು ಸರಿಯಾಗಿ ಹೊಂದಿದೆ ನೋಡಿ. ವಿಡಿಯೋ ಎಂಟಿವಿಯಲ್ಲಿ ಓಡಿತು, 1985ರ ಅಕ್ಟೋಬರ್ 19ರ ಪಟ್ಟಿಯಲ್ಲಿ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಬಂತು, ಮುಂದಿನ ವರ್ಷ ವಿಡಿಯೋಗೆ 6 ಎಂಟಿವಿ ಪ್ರಶಸ್ತಿಗಳು ಬಂದವು. ಬ್ರಿಟನ್‌ನಲ್ಲಿ ಮಾತ್ರ 2ನೇ ಸ್ಥಾನದಲ್ಲೇ ನಿಂತಿತು, ಮೇಲೆ ಜೆನಿಫರ್ ರಶ್ ಅವರ ಹಾಡು ಕೂತಿತ್ತು.

ನಿಮ್ಮ ಹಾಡಿಗೂ ಹೀಗೊಂದು ತುಣುಕು ಬೇಕಾದರೆ ಇಡೀ ಹಾಡಿಗೆ ಕೈ ಹಾಕಬೇಡಿ. ಬಿಟ್ ಒಂದು ಸಲ ಬರಲು ಆರು ಸೆಕೆಂಡ್ ಕೂಡ ಬೇಡ. ಅಷ್ಟಕ್ಕೆ ಮಾಡಿ. ಫೋನಿನಲ್ಲಿ ಚಿತ್ರೀಕರಿಸಿ, ಸೆಕೆಂಡಿಗೆ 8 ಫ್ರೇಮ್ ಲೆಕ್ಕದಲ್ಲಿ ತೆಗೆದರೆ 48 ಚಿತ್ರಕ್ಕಿಂತ ಕಡಿಮೆ. ಪ್ರಿಂಟ್ ಹಾಕಿಸಿ, ಕಿಟಕಿ ಗಾಜಿಗೆ ಅಂಟಿಸಿ, ಮೇಲೆ ತೆಳು ಹಾಳೆ ಇಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಗೆರೆ ಹಿಂದಿನದಕ್ಕೆ ಸರಿಯಾಗಿ ಕೂರದಿದ್ದರೆ ಅಳಿಸಬೇಡಿ, ಅದೇ ಬೇಕಾಗಿರುವುದು. ಮಕ್ಕಳಿದ್ದರೆ ಹಂಚಿಕೊಡಿ, ಅವರು ಬಿಡಿಸಿದ್ದೇ ಹೆಚ್ಚು ಜೀವಂತವಾಗಿರುತ್ತದೆ.

ಇನ್ನೂ ಯಾಕೆ ಓಡುತ್ತಿದೆ

ಹಾಡು ಗಟ್ಟಿ ಇದೆಯಾ ಎಂದು ನೋಡಲು ನನ್ನದೊಂದು ಪರೀಕ್ಷೆ ಇದೆ. ಅದರ ವೇಗ ಕಿತ್ತುಕೊಳ್ಳಿ, ವಾದ್ಯ ಕಿತ್ತುಕೊಳ್ಳಿ, ಏನು ಉಳಿಯಿತು ನೋಡಿ. ಈ ತಂಡವೇ ಆ ಪರೀಕ್ಷೆ ಬರೆದಿದೆ. 2017ರಲ್ಲಿ ನಾರ್ವೆಯ ಗಿಸ್ಕೆ ಎಂಬ ದ್ವೀಪದಲ್ಲಿ ಎಂಟಿವಿ ಅನ್‌ಪ್ಲಗ್ಡ್‌ಗಾಗಿ ಇದೇ ಹಾಡನ್ನು ನಿಧಾನವಾಗಿ, ಸಿಂಥಸೈಜರ್ ಅಬ್ಬರ ಇಲ್ಲದೆ ಹಾಡಿದರು. ಕೇಳಿ. ಕುಣಿಸುತ್ತಿದ್ದ ಹಾಡು ಇಲ್ಲಿ ಬೇಡಿಕೊಳ್ಳುತ್ತದೆ. ಬಿ ಮೈನರ್‌ನಿಂದ ಹೊರಡುವ ಆ ಚರಣದಲ್ಲಿ ಇಷ್ಟು ಬೇಸರ ಅಡಗಿತ್ತಾ ಎಂದು ಆಶ್ಚರ್ಯವಾಗುತ್ತದೆ. ವೇಗದಲ್ಲಿ ಅದು ಕಾಣುತ್ತಿರಲಿಲ್ಲ, ಅಷ್ಟೇ.

ಬೇರೆಯವರೂ ಬೇಕಾದ ಹಾಗೆ ಎಳೆದಾಡಿದ್ದಾರೆ. ರೀಲ್ ಬಿಗ್ ಫಿಶ್ ತಂಡ ಕಹಳೆ ಊದಿಸಿ ಜಮೈಕಾ ಮೂಲದ ಸ್ಕಾ ಶೈಲಿಯಲ್ಲಿ ಮಾಡಿತು. 2000ದಲ್ಲಿ ಎ1 ಎಂಬ ಹುಡುಗರ ತಂಡ ಹಾಡಿದ್ದು ಬ್ರಿಟನ್‌ನಲ್ಲಿ 1ನೇ ಸ್ಥಾನಕ್ಕೇ ಹೋಯಿತು, ಮೂಲಕ್ಕೆ ಸಿಗದ ಜಾಗ ನಕಲಿಗೆ ಸಿಕ್ಕಿತು. ಆ ರೆಕಾರ್ಡನ್ನು ಇವತ್ತು ಯಾರು ಕೇಳುತ್ತಾರೆ ಹೇಳಿ. 2013ರಲ್ಲಿ ರ‍್ಯಾಪ್ ಗಾಯಕ ಪಿಟ್‌ಬುಲ್ ತನ್ನ ಹಾಡಿಗೆ ಬರೀ ಬಿಟ್ ಒಂದನ್ನು ಎತ್ತಿಕೊಂಡರು, ಅದಷ್ಟೇ ಸಾಕಾಯಿತು. ಮೂಲ ವಿಡಿಯೋ 2020ರ ಫೆಬ್ರವರಿಯಲ್ಲಿ ಯೂಟ್ಯೂಬ್‌ನಲ್ಲಿ 100 ಕೋಟಿ ನೋಟ ದಾಟಿತು. ಇವುಗಳಲ್ಲಿ ಎರಡನ್ನಾದರೂ ಕೇಳಿ, ನಿಮ್ಮದನ್ನು ಮಾಡುವ ಮುಂಚೆ. ಯಾರು ಖಾಲಿ ಪೆಟ್ಟುಗಳನ್ನು ಉಳಿಸಿಕೊಂಡಿದ್ದಾರೆ, ಯಾರು ತುಂಬಿಬಿಟ್ಟಿದ್ದಾರೆ ಎಂದು ಗಮನಿಸಿ.

ರೆಕಾರ್ಡ್ ಮಾಡುವಾಗ

ಕ್ರಮ ಹೀಗಿರಲಿ: ಡ್ರಮ್ಸ್, ಬೇಸ್, ಕಾರ್ಡ್, ದನಿ, ಕೊನೆಗೆ ಬಿಟ್. ಎಲ್ಲರೂ ಬಿಟ್ ಮೊದಲು ಹಾಕುತ್ತಾರೆ, ಅದೇ ಖುಷಿ ಅಲ್ವಾ. ಆದರೆ ಮೊದಲೇ ಹಾಕಿದರೆ ಮಿಕ್ಕ ಎಲ್ಲವೂ ಅದಕ್ಕೆ ಜೈ ಅನ್ನುತ್ತಾ ಹಿಂದೆ ಬೀಳುತ್ತದೆ, ಪಲ್ಲವಿಗೆ ಜಾಗ ಉಳಿಯಲ್ಲ.

ಮೂಲದಲ್ಲಿ ಹಾಡು ಮುಗಿಯುವುದಿಲ್ಲ, ಪಲ್ಲವಿ ಹಾಡುತ್ತಾ ಹಾಡುತ್ತಾ ಸದ್ದು ಇಳಿದುಹೋಗುತ್ತದೆ. ವೇದಿಕೆ ಮೇಲೆ ಹಾಗೆ ಮಾಡಲಾಗಲ್ಲ. ಕಾರ್ಯಕ್ರಮಕ್ಕೆ ನುಡಿಸುವವರು ಮೊದಲೇ ಮಾತಾಡಿಕೊಳ್ಳಿ. ‘ಎ’ ಕಾರ್ಡಿನ ಮೇಲೆ ಗಟ್ಟಿಯಾಗಿ ನಿಲ್ಲಿಸಬಹುದು, ಇಲ್ಲವೇ ಡಿ ಮೇಲೆ ತೂಗುಹಾಕಿ ಬಿಡಬಹುದು. ಡಿ ಮೇಲೆ ಬಿಟ್ಟರೆ ಜನ ಚಪ್ಪಾಳೆ ತಟ್ಟಲು ಎರಡು ಸೆಕೆಂಡ್ ತಡ ಮಾಡುತ್ತಾರೆ, ಗಾಬರಿ ಆಗಬೇಡಿ.

ಯೂಟ್ಯೂಬ್‌ಗೆ ಹಾಕುವ ಆಲೋಚನೆ ಇದ್ದರೆ ಮೂಲ ರೆಕಾರ್ಡಿಂಗ್‌ನ ಒಂದು ತುಣುಕೂ ಒಳಗೆ ಸೇರಿಸಬೇಡಿ, ಎಲ್ಲ ನೀವೇ ನುಡಿಸಿದ್ದಾಗಿರಲಿ. ಆಗಲೂ ಟ್ಯೂನ್ ಅವರದ್ದೇ, ಹಾಗಾಗಿ ಹಕ್ಕುದಾರರ ಕ್ಲೇಮ್ ಬರಬಹುದು, ಜಾಹೀರಾತಿನ ದುಡ್ಡು ಅವರಿಗೆ ಹೋಗಬಹುದು. ವಿವರಣೆಯಲ್ಲಿ ಮೂವರು ರಚನಕಾರರ ಹೆಸರನ್ನೂ ಹಾಕಿ: ವಾಕ್ತಾರ್, ಫುರುಹೋಲ್ಮೆನ್, ಹಾರ್ಕೆಟ್.